ಪಂಕ್ ಬಂದಮೇಲೆ ರಾಕ್ ಕಾನ್ಸರ್ಟ್ ಸುಧಾರಿಸಿತೇ?

ಪರ: ವೇದಿಕೆ ಕೈಗೆಟುಕಿತು

1976ರ ಜೂನ್ 4. ಮ್ಯಾಂಚೆಸ್ಟರ್‌ನ ಫ್ರೀ ಟ್ರೇಡ್ ಹಾಲ್. ಅದರ ದೊಡ್ಡ ಸಭಾಂಗಣ ಅಲ್ಲ, ಅದೇ ಕಟ್ಟಡದ ಮೇಲಿನ ಚಿಕ್ಕ ಹಾಲ್. ಟಿಕೆಟ್ 50 ಪೆನ್ಸ್. ಬಂದವರು ಸುಮಾರು ನಲವತ್ತು ಜನ. ಅವತ್ತು ಅಲ್ಲಿ ನುಡಿಸಿದ್ದು ಲಂಡನ್ನಿನ ಪಂಕ್ ತಂಡ ಸೆಕ್ಸ್ ಪಿಸ್ಟಲ್ಸ್. ಪಂಕ್ ಅಂದರೆ ಆಗಷ್ಟೇ ತಲೆಯೆತ್ತಿದ್ದ, ಹೆಚ್ಚು ಕಲಿಯದೆಯೂ ನುಡಿಸಬಹುದಾದ ಒರಟು, ವೇಗದ ರಾಕ್. ಅವರನ್ನು ಕರೆಸಿದ್ದು ಹೋವರ್ಡ್ ಡಿವೋಟೊ ಮತ್ತು ಪೀಟ್ ಶೆಲ್ಲಿ ಎಂಬ ಇಬ್ಬರು ಹುಡುಗರು. ಬಝ್‌ಕಾಕ್ಸ್ ಎಂಬ ತಮ್ಮ ತಂಡವೂ ಅವತ್ತು ನುಡಿಸಬೇಕು ಅಂತ ಅವರಿಗೆ ಆಸೆ ಇತ್ತು. ತಂಡ ಇನ್ನೂ ತಯಾರಾಗಿರಲಿಲ್ಲ.

ಕೇಳಲು ಬಂದವರಲ್ಲಿ ಪೀಟರ್ ಹುಕ್, ಬರ್ನಾರ್ಡ್ ಸಮ್ನರ್ ಇದ್ದರು. ಹುಕ್ ಮರುದಿನವೇ ಅಂಗಡಿಗೆ ಹೋಗಿ ಬೇಸ್ ಗಿಟಾರ್ ಕೊಂಡುಬಂದರು. ನುಡಿಸೋಕೆ ಬರುತ್ತಿರಲಿಲ್ಲ, ಆದರೂ ಕೊಂಡರು. ಮುಂದೆ ಇವರಿಬ್ಬರೂ ಇದ್ದ ತಂಡವೇ ಜಾಯ್ ಡಿವಿಷನ್, ಆಮೇಲೆ ನ್ಯೂ ಆರ್ಡರ್. ಜುಲೈ 20ಕ್ಕೆ ಪಿಸ್ಟಲ್ಸ್ ಅದೇ ಹಾಲ್‌ಗೆ ಮತ್ತೆ ಬಂದಾಗ ಬಝ್‌ಕಾಕ್ಸ್ ಕೂಡ ವೇದಿಕೆ ಹತ್ತಿತು. ನಡುವೆ ಇದ್ದದ್ದು ಆರೇಳು ವಾರ. ಪಂಕ್ ಮಾಡಿದ್ದೇನು ಅಂತ ಯಾರಾದರೂ ಕೇಳಿದರೆ ನಾನು ಈ ಆರೇಳು ವಾರಗಳನ್ನೇ ತೋರಿಸುತ್ತೇನೆ.

ಹಿಂದಿನ ವರ್ಷ ಹೇಗಿತ್ತು ನೋಡಿ. ಕೀಬೋರ್ಡ್ ವಾದಕ ರಿಕ್ ವೇಕ್‌ಮನ್ 1975ರಲ್ಲಿ ಲಂಡನ್ನಿನ ವೆಂಬ್ಲಿ ಎಂಪೈರ್ ಪೂಲ್‌ನಲ್ಲಿ ಆರ್ಥರ್ ರಾಜನ ಕಥೆಯನ್ನು ಐಸ್ ಮೇಲೆ ಆಡಿಸಿದರು. ಸ್ಕೇಟ್ ಕಟ್ಟಿಕೊಂಡ ನರ್ತಕರು, ಆರ್ಕೆಸ್ಟ್ರಾ, ಕೋರಸ್, ಎಲ್ಲಾ ಇತ್ತು. ಲೆಡ್ ಝೆಪೆಲಿನ್‌ನ ಜಾನ್ ಬಾನಮ್ ಒಬ್ಬರೇ ಕೂತು ಬಾರಿಸುತ್ತಿದ್ದ ಡ್ರಮ್ ಸೋಲೋ ಕೆಲವು ರಾತ್ರಿ ಅರ್ಧ ಗಂಟೆ ನಡೆಯುತ್ತಿತ್ತು. ನಮ್ಮಲ್ಲಿ ತನಿ ಆವರ್ತನ ನಡೆಯುವಾಗ ಕೇಳುಗರ ಕೈಯಲ್ಲೂ ತಾಳ ಇರುತ್ತದೆ, ಅಲ್ವಾ? ಅಲ್ಲಿ ಹಿಂದಿನ ಸಾಲಿನ ಹುಡುಗನಿಗೆ ಡ್ರಮ್ಮರ್ ಕಡ್ಡಿಪೆಟ್ಟಿಗೆಯಷ್ಟು ಕಾಣುತ್ತಿದ್ದ. ತಾನೂ ಹೀಗೆ ನುಡಿಸಬಹುದು ಅಂತ ಆ ಹುಡುಗನಿಗೆ ಹೇಗೆ ಅನ್ನಿಸಬೇಕು? ಈ ದೂರ ಎಲ್ಲಿಗೆ ಮುಟ್ಟಿತೆಂದರೆ, 1977ರ ಜುಲೈ 6ರಂದು ಮಾಂಟ್ರಿಯಲ್‌ನ ಒಲಿಂಪಿಕ್ ಸ್ಟೇಡಿಯಮ್‌ನಲ್ಲಿ ಪಿಂಕ್ ಫ್ಲಾಯ್ಡ್‌ನ ರೋಜರ್ ವಾಟರ್ಸ್ ರೇಗಿ ಎದುರಿಗಿದ್ದ ಅಭಿಮಾನಿಯ ಮೇಲೆ ಉಗುಳಿದರು.

ಇನ್ನೊಂದು ಮಾತು, ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು. ರಾಕ್ ವೇದಿಕೆಯಲ್ಲಿ ಹೆಣ್ಣುಮಕ್ಕಳು ಬೇಸ್ ಹಿಡಿದದ್ದು, ಡ್ರಮ್ಸ್ ಹಿಂದೆ ಕೂತದ್ದು ಆವರೆಗೆ ತೀರಾ ಅಪರೂಪ. 1976ರ ಸೆಪ್ಟೆಂಬರ್‌ನಲ್ಲಿ ಲಂಡನ್ನಿನ ಆಕ್ಸ್‌ಫರ್ಡ್ ಸ್ಟ್ರೀಟಿನ 100 ಕ್ಲಬ್‌ನಲ್ಲಿ ಎರಡು ರಾತ್ರಿ ಪಂಕ್ ಹಬ್ಬ ನಡೆಯಿತು. ಸೂಸಿ ಎಂಬ ಹಾಡುಗಾರ್ತಿಯ ತಂಡ ಸೂಸಿ ಅಂಡ್ ದಿ ಬ್ಯಾನ್‌ಶೀಸ್ ಮೊದಲ ಸಲ ಹಾಡಿದ್ದು ಅಲ್ಲೇ, ತಯಾರಿ ಅಂತ ಹೇಳುವಂಥದ್ದು ಏನೂ ಇಲ್ಲದೆ. ಅವರ ಹಿಂದೆ ಹೆಣ್ಣುಮಕ್ಕಳದೇ ತಂಡವಾದ ದಿ ಸ್ಲಿಟ್ಸ್ ಬಂದರು, ಎಕ್ಸ್-ರೇ ಸ್ಪೆಕ್ಸ್‌ನ ಪಾಲಿ ಸ್ಟೈರೀನ್ ಬಂದರು. ಪಾಲಿಯ ಅಪ್ಪ ಸೊಮಾಲಿಯಾದವರು. ಹಲ್ಲಿಗೆ ತಂತಿ ಹಾಕಿಕೊಂಡೇ ಆಕೆ ಮೈಕ್ ಮುಂದೆ ನಿಂತು ಕಿರುಚಿ ಹಾಡುತ್ತಿದ್ದರು. ರಾಕ್ ಹಾಡುವ ಹೆಣ್ಣು ಹೀಗೇ ಕಾಣಬೇಕು ಅನ್ನುವ ಕಟ್ಟಳೆಯನ್ನು ಆಕೆ ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ.

ಲಂಡನ್ನಿನ ಪಂಕ್ ತಾಣ ರಾಕ್ಸಿ ಕ್ಲಬ್‌ನಲ್ಲಿ ತಂಡಗಳ ನಡುವೆ ಡಿಜೆ ಡಾನ್ ಲೆಟ್ಸ್ ರೆಗೆ ರೆಕಾರ್ಡು ಹಾಕುತ್ತಿದ್ದರು. ಪಂಕ್ ರೆಕಾರ್ಡುಗಳೇ ಇನ್ನೂ ಅಷ್ಟಾಗಿ ಬಂದಿರಲಿಲ್ಲ. ಹಾಗೆ ಬಿಳಿಯ ಹುಡುಗರ ಕಿವಿಗೆ ಜಮೈಕಾದ ಸಂಗೀತ ಬಿತ್ತು. 1978ರ ಏಪ್ರಿಲ್ 30ಕ್ಕೆ ಲಂಡನ್ನಿನ ವಿಕ್ಟೋರಿಯಾ ಪಾರ್ಕಿನಲ್ಲಿ ಜನಾಂಗದ್ವೇಷದ ವಿರುದ್ಧ ಸಾವಿರಾರು ಜನ ಸೇರಿದಾಗ ಪಂಕ್ ತಂಡ ದಿ ಕ್ಲಾಶ್ ಮತ್ತು ರೆಗೆ ತಂಡ ಸ್ಟೀಲ್ ಪಲ್ಸ್ ಒಂದೇ ವೇದಿಕೆಯಲ್ಲಿ ಹಾಡಿದವು. ಹಿಂದಿನ ಕಾನ್ಸರ್ಟುಗಳಲ್ಲಿ ಇಂಥದ್ದು ನನಗಂತೂ ಸಿಗುವುದಿಲ್ಲ.

ವಿರೋಧ: ಕಿವಿಗೊಟ್ಟು ಕೇಳುವುದು ತಪ್ಪಿಹೋಯಿತು

ಉಗುಳಿನ ಮಾತು ಬಂತಲ್ಲ, ಅಲ್ಲಿಂದಲೇ ಶುರುಮಾಡೋಣ. ವಾಟರ್ಸ್ ಒಮ್ಮೆ ಉಗುಳಿ ಅದಕ್ಕೆ ನಾಚಿಕೊಂಡರು. ಆ ನಾಚಿಕೆಯಿಂದ ಹುಟ್ಟಿದ ಯೋಚನೆಯೇ ಮುಂದೆ ವೇದಿಕೆಗೆ ಅಡ್ಡಲಾಗಿ ಗೋಡೆ ಕಟ್ಟುವ ಅವರ ಶೋ ಆಯಿತು. ಪಂಕ್ ಶೋಗಳಲ್ಲಿ ಉಗುಳುವುದು ರೂಢಿಯೇ ಆಗಿಹೋಯಿತು. ಇಷ್ಟಪಟ್ಟ ತಂಡದ ಮೇಲೇ ಜನ ಉಗುಳುತ್ತಿದ್ದರು. ಕ್ಲಾಶ್‌ನ ಜೋ ಸ್ಟ್ರಮರ್‌ಗೆ 1978ರಲ್ಲಿ ಹೆಪಟೈಟಿಸ್ ಆಯಿತು, ಉಗುಳಿನಿಂದಲೇ ಬಂತು ಅಂತ ಎಲ್ಲರೂ ಹೇಳುತ್ತಾರೆ. 100 ಕ್ಲಬ್‌ನ ಆ ಹಬ್ಬದ ಎರಡನೇ ರಾತ್ರಿ ಯಾರೋ ಗಾಜಿನ ಲೋಟ ಎಸೆದರು. ಚೂರು ಸಿಡಿದು ಒಬ್ಬ ಹುಡುಗಿಯ ಒಂದು ಕಣ್ಣು ಹೋಯಿತು. ಹಬ್ಬದ ನೆನಪು ಹೇಳುವಾಗ ಸೂಸಿಯ ಹೆಸರು ಬರುತ್ತದೆ. ಆ ಹುಡುಗಿಯ ಮಾತು ಬರುವುದೇ ಇಲ್ಲ.

ಚಿಕ್ಕ ಹಾಲ್, ಹತ್ತಿರದ ವೇದಿಕೆ, ಇವನ್ನೆಲ್ಲ ಪಂಕ್ ತಂದಿತು ಅನ್ನುವುದೂ ಪೂರ್ತಿ ನಿಜ ಅಲ್ಲ. 1970ರ ಫೆಬ್ರವರಿ 14ರಂದು ದಿ ಹೂ ಎಂಬ ರಾಕ್ ತಂಡ ನುಡಿಸಿದ್ದು ಎಲ್ಲಿ? ಲೀಡ್ಸ್ ವಿಶ್ವವಿದ್ಯಾಲಯದ ಊಟದ ಹಾಲ್‌ನಲ್ಲಿ! ಆಗಲೇ ಜಗತ್ಪ್ರಸಿದ್ಧರಾಗಿದ್ದ ತಂಡ ಅದು. ಡಾಕ್ಟರ್ ಫೀಲ್‌ಗುಡ್‌ನಂಥ ತಂಡಗಳು ಲಂಡನ್ನಿನ ಪಬ್ಬುಗಳಲ್ಲಿ ಬೆವರು ಸುರಿಸಿ ನುಡಿಸುತ್ತಿದ್ದವು. ಅವರ ಲೈವ್ ಆಲ್ಬಮ್ 1976ರ ಅಕ್ಟೋಬರ್‌ನಲ್ಲಿ ಬ್ರಿಟನ್‌ನಲ್ಲಿ ಮೊದಲ ಸ್ಥಾನಕ್ಕೇರಿತು. ಆಗ ಪಿಸ್ಟಲ್ಸ್‌ನ ಒಂದು ರೆಕಾರ್ಡೂ ಬಂದಿರಲಿಲ್ಲ.

ದೊಡ್ಡದೆಲ್ಲ ಜಂಬ ಅನ್ನುವುದು ನನಗೆ ತುಂಬಾ ನೋವು ಕೊಡುವ ಮಾತು. ಅಮೆರಿಕದ ರಾಕ್ ತಂಡ ಗ್ರೇಟ್‌ಫುಲ್ ಡೆಡ್ 1974ರಲ್ಲಿ ಕಟ್ಟಿದ 'ವಾಲ್ ಆಫ್ ಸೌಂಡ್' ನೋಡಿ. ಸುಮಾರು 600 ಸ್ಪೀಕರ್, ಎಲ್ಲವೂ ವಾದಕರ ಬೆನ್ನ ಹಿಂದೆ. ಜನರಿಗೆ ಕೇಳಿದ್ದೇ ವಾದಕರಿಗೂ ಕೇಳಬೇಕು ಅನ್ನುವುದು ಅದರ ಉದ್ದೇಶ. ಆದರೆ ಸ್ಪೀಕರ್ ಹಿಂದಿದ್ದರೆ ಮೈಕ್ ಕುಯ್ಯೋ ಅನ್ನುತ್ತದಲ್ಲ? ಅದಕ್ಕೆ ಒಬ್ಬೊಬ್ಬ ಹಾಡುಗಾರನಿಗೂ ಎರಡೆರಡು ಮೈಕನ್ನು ಒಂದಕ್ಕೊಂದು ಉಲ್ಟಾ ಜೋಡಿಸಿದರು. ಎರಡಕ್ಕೂ ತಲುಪುವ ಸದ್ದು ಒಂದನ್ನೊಂದು ಹೊಡೆದುಹಾಕುತ್ತದೆ. ಹಾಡುಗಾರ ಒಂದಕ್ಕೆ ಮಾತ್ರ ಬಾಯಿ ತಾಗಿಸಿ ಹಾಡುತ್ತಾನೆ, ಅವನ ದನಿಯಷ್ಟೇ ಹೊರಗೆ ಬರುತ್ತದೆ. ಕಟ್ಟೋಕೆ, ಬಿಚ್ಚೋಕೆ, ಸಾಗಿಸೋಕೆ ಖರ್ಚು ವಿಪರೀತ, ಅದೇ ವರ್ಷ ನಿಂತುಹೋಯಿತು. ಕೊನೆ ಸಾಲಿನವನ ಕಿವಿಯ ಬಗ್ಗೆ ಇಷ್ಟು ತಲೆಕೆಡಿಸಿಕೊಂಡವರನ್ನು ಜನರಿಂದ ದೂರವಾದವರು ಅಂತ ಹೇಗೆ ಹೇಳುವುದು?

ಬಾನಮ್ ಅವರ ಅರ್ಧ ಗಂಟೆಯ ಬಗ್ಗೆಯೂ ಒಂದು ಮಾತು. ಕೆಲವೊಮ್ಮೆ ಅವರು ಕೋಲು ಬದಿಗಿಟ್ಟು ಬರಿಗೈಯಲ್ಲಿ ಬಾರಿಸುತ್ತಿದ್ದರು. ಅದನ್ನು ಕೇಳಲು ಪುರುಸೊತ್ತು ಬೇಕು, ತಾಳ್ಮೆ ಬೇಕು. ಪಂಕ್ ತಂಡ ರಮೋನ್ಸ್ ನ್ಯೂಯಾರ್ಕ್‌ನ ಸಿಬಿಜಿಬಿ ಕ್ಲಬ್‌ನಲ್ಲಿ ಮೊದಮೊದಲು ಇಪ್ಪತ್ತು ನಿಮಿಷದೊಳಗೆ ಇಡೀ ಶೋ ಮುಗಿಸುತ್ತಿದ್ದರು. ಅದೂ ಒಂದು ಸುಖವೇ, ಇಲ್ಲ ಅನ್ನೋದಿಲ್ಲ. ಆದರೆ ಉದ್ದವಾಗಿ ನುಡಿಸುವುದೇ ತಪ್ಪು ಎಂಬ ಭಾವನೆ ಹಬ್ಬಿದಾಗ ಎಷ್ಟೋ ಒಳ್ಳೆಯ ವಾದಕರು ತಮ್ಮ ವಿದ್ಯೆಗೇ ಸಂಕೋಚಪಡಬೇಕಾಯಿತು.

ಕೊನೆಗೆ ದೊಡ್ಡ ವೇದಿಕೆ ಎಲ್ಲೂ ಹೋಗಲಿಲ್ಲ. 1982ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್‌ನ ಶೇ ಸ್ಟೇಡಿಯಮ್‌ನಲ್ಲಿ ದಿ ಹೂ ತಂಡಕ್ಕೆ ಮುಂಚೆ ನುಡಿಸಿದ್ದು ಅದೇ ಕ್ಲಾಶ್. ಹಿಂದೆ ಕೂತವರಿಗೆ ಸ್ಟ್ರಮರ್ ಕೂಡ ಕಡ್ಡಿಪೆಟ್ಟಿಗೆಯಷ್ಟೇ ಕಂಡಿರಬೇಕು. ಅಷ್ಟು ದೂರಕ್ಕೆ ಹಾಡು ಮುಟ್ಟಿಸುವ ವಿದ್ಯೆಯನ್ನು ಹತ್ತು ವರ್ಷ ಕೂತು ಕಲಿತವರು ಆ ಹಳೆಯ ದೊಡ್ಡ ತಂಡಗಳ ಸೌಂಡ್ ಎಂಜಿನಿಯರ್‌ಗಳು.