ಆರು ಹಲಗೆ ಕೊಯ್ದುಕೊಡುವ ಅಂಗಡಿ ಬೇಕು

‘ಪೀಸ್ ಎಲ್ಲ ಕೊಡಲ್ಲ ಸಾರ್. ಫುಲ್ ಶೀಟ್ ತಗೊಂಡು ಕಾರ್ಪೆಂಟರ್ ಹತ್ರ ಕೊಯ್ಸಿಕೊಳ್ಳಿ.’ ಈ ಸಲ ಬೆಂಗಳೂರಿಗೆ ಬಂದಾಗ ಜಯನಗರದ ಪ್ಲೈವುಡ್ ಅಂಗಡಿಯೊಂದರಲ್ಲಿ ಸಿಕ್ಕ ಈ ಉತ್ತರ ಇನ್ನೂ ಚುಚ್ಚುತ್ತಿದೆ. 10 ಇಂಚಿನ ಸಬ್‌ವೂಫರ್ (ಬೇಸ್ ಸದ್ದಿನ ಸ್ಪೀಕರ್) ಪೆಟ್ಟಿಗೆಗೆ ಎಂಟಡಿ-ನಾಲ್ಕಡಿ ಹಾಳೆಯಲ್ಲಿ ಕಾಲು ಭಾಗವೂ ಬೇಡ. ನಾನಿರುವ ಜರ್ಮನಿಯ ದೊಡ್ಡ ಹಾರ್ಡ್‌ವೇರ್ ಅಂಗಡಿಗಳಲ್ಲಿ ಅಳತೆಯ ಚೀಟಿ ಕೊಟ್ಟರೆ ಮಿಲಿಮೀಟರ್ ಲೆಕ್ಕದಲ್ಲಿ ಕೊಯ್ದು ಕೈಗಿಡುತ್ತಾರೆ.

ಇದೇನು ಮಹಾ ಎನ್ನಬೇಡಿ. ಮುಚ್ಚಿದ ಪೆಟ್ಟಿಗೆಯಲ್ಲಿ, ಹಿಂದೆ ಮುಂದೆ ಆಡುವ ಸ್ಪೀಕರಿನ ಕೋನಿಗೆ ಒಳಗಿನ ಗಾಳಿಯೇ ಸ್ಪ್ರಿಂಗು. ಸಂದಿಯಲ್ಲಿ ಗಾಳಿ ಸೋರಿದರೆ ಬೇಸ್ ಜೊತೆಗೆ ‘ಪುಸ್’ ಎನ್ನುವ ಸದ್ದೂ ಬರುತ್ತದೆ. ನಮ್ಮ ಬಡಗಿಗಳು ‘ಒಂದು ನೂಲು ಆಚೀಚೆ’ ಎನ್ನುವುದು ಸುಮಾರು 3 ಮಿ.ಮೀ. ವಾರ್ಡ್‌ರೋಬಿನಲ್ಲಿ ಅದನ್ನು ಅಂಚಿಗೆ ಹೊಡೆಯುವ ಬೀಡಿಂಗ್ ಪಟ್ಟಿ ಮುಚ್ಚುತ್ತದೆ. ಇಲ್ಲಿ ಮುಚ್ಚುವವರಿಲ್ಲ; ಫೆವಿಕಾಲ್ ಒಣಗುತ್ತಾ ಕುಗ್ಗುವುದರಿಂದ ಅಷ್ಟು ಅಗಲದ ಸಂದಿ ತುಂಬುವುದಿಲ್ಲ.

ನನ್ನ ಪೆಟ್ಟಿಗೆಗೆ ಬೇಕಾದ ಹಲಗೆ ಆರೇ: 18 ಮಿ.ಮೀ. ಎಂಡಿಎಫ್‌ನಲ್ಲಿ (ಮರದ ನಾರನ್ನು ಒತ್ತಿ ಮಾಡಿದ ಹಾಳೆ) 350 × 350ರ ಎರಡು ಹಲಗೆ ಮುಂದಕ್ಕೆ-ಹಿಂದಕ್ಕೆ, 350 × 314ರ ಎರಡು ಪಕ್ಕಗಳಿಗೆ, 314 × 314ರ ಎರಡು ಮೇಲೆ-ಕೆಳಗೆ. ಒಳಗೆ ಸುಮಾರು 31 ಲೀಟರ್ ಜಾಗ ಸಿಗುತ್ತದೆ. ಡ್ರೈವರ್ (ಪೆಟ್ಟಿಗೆಯಲ್ಲಿ ಕೂರಿಸುವ ಸ್ಪೀಕರ್), ಅಡ್ಡಪಟ್ಟಿ ಸೇರಿ ಒಂದೆರಡು ಲೀಟರ್ ತಿನ್ನುತ್ತವೆ. ಪ್ಲೈವುಡ್ ಆದರೆ 18 ಎಂದು ಕೊಟ್ಟ ಹಾಳೆ ನಿಜಕ್ಕೂ 18 ಇದೆಯೇ ಎಂದು ಮೊದಲು ಅಳೆಯಿರಿ. ದಪ್ಪ ಕಡಿಮೆಯಿದ್ದರೆ ಈ 314 ಹೊಂದುವುದಿಲ್ಲ.

ಎಂಡಿಎಫ್‌ನ ಕೊಯ್ದ ಅಂಚು ಅಂಟನ್ನು ಹೀರಿಕೊಳ್ಳುತ್ತದೆ. ನೀರು ಬೆರೆಸಿದ ಫೆವಿಕಾಲನ್ನು ಮೊದಲು ಒಂದು ಕೈ ಬಳಿದು, ಹೀರಿದ ಮೇಲೆ ಗಟ್ಟಿ ಅಂಟು ಹಚ್ಚಬೇಕು. ಅಂಚಿಗೆ ನೇರವಾಗಿ ಸ್ಕ್ರೂ ಹೊಡೆದರೆ ಹಲಗೆ ಸೀಳುತ್ತದೆ, 4 ಮಿ.ಮೀ. ಸ್ಕ್ರೂಗೆ ಮೊದಲು 3 ಮಿ.ಮೀ. ತೂತು ಕೊರೆಯಿರಿ. ಕ್ಲಾಂಪ್ ಬಿಗಿಯುವ ಮುನ್ನ ಎರಡೂ ಕರ್ಣಗಳನ್ನು ಅಳೆಯಿರಿ, ಸಮ ಬಂದರೆ ಚೌಕ ಸರಿಯಿದೆ. ಡ್ರೈವರ್ ಕೂರುವಲ್ಲಿ ಫೋಮ್ ಪಟ್ಟಿ ಮರೆಯಬೇಡಿ. ಕೊನೆಗೆ 30 ಹರ್ಟ್ಸ್ ಸದ್ದನ್ನು ಮೆಲ್ಲಗೆ ಹಾಕಿ, ಹಚ್ಚಿದ ಊದುಬತ್ತಿಯನ್ನು ಸಂದಿಗುಂಟ ಹಿಡಿದುಕೊಂಡು ಹೋಗಿ: ಹೊಗೆ ನಡುಗಿದ ಕಡೆ ಸೋರಿಕೆಯಿದೆ.

ಇಷ್ಟಕ್ಕೆ ಗರಗಸ, ಡ್ರಿಲ್, ಮೂಲೆಮಟ್ಟ, ನಾಲ್ಕು ಕ್ಲಾಂಪ್, ದುಂಡಗೆ ಕೊಯ್ಯಲು ಒಂದು ಜಿಗ್‌ಸಾ ಸಾಕು. ಆದರೆ ಆಯುಧಪೂಜೆಗೆ ಗರಗಸಕ್ಕೆ ಕುಂಕುಮವಿಡುವ ನಮ್ಮ ಮನೆಗಳಲ್ಲೇ, ಓದಿದ ಮಗ ಅದನ್ನು ಕೈಗೆತ್ತಿಕೊಂಡರೆ ‘ನಿನಗ್ಯಾಕಪ್ಪಾ, ಬಡಗಿ ಇಲ್ವಾ?’ ಎನ್ನುತ್ತಾರೆ. ಎಂಜಿನಿಯರುಗಳು ತುಂಬಿದ ಊರಿನಲ್ಲಿ ಮರದ ಕೆಲಸ ಕೈಗೆ ಹತ್ತದಿರುವುದಕ್ಕೆ ಈ ಮಾತೂ, ಆ ‘ಫುಲ್ ಶೀಟ್’ ಹಟವೂ ಕಾರಣ ಎಂದೇ ನನ್ನ ನಂಬಿಕೆ. ಬಡಾವಣೆಗೊಂದು ಅಂಗಡಿ ಹಲಗೆ ಕೊಯ್ದು ಕೊಟ್ಟರೂ ಹೈಸ್ಕೂಲು ಮಕ್ಕಳು ಇಂಥ ಪೆಟ್ಟಿಗೆ ಮಾಡಿಯಾರು.

ಹಾಗಂತ ಜರ್ಮನಿಯ ಅಂಗಡಿ ಎಲ್ಲವನ್ನೂ ಮಾಡಿಕೊಡುವುದಿಲ್ಲ. ಅಲ್ಲಿ ಸಾಮಾನ್ಯವಾಗಿ ನೇರ ಕೊಯ್ತ ಮಾತ್ರ. ಡ್ರೈವರಿನ ದುಂಡು ತೂತು ನಮ್ಮದೇ ತಲೆನೋವು. ನಮ್ಮ ಬಡಗಿ ಉಜ್ಜುಗೊರಡು ಹಿಡಿದು, ಕೂರದ ಹಲಗೆಯನ್ನು ಎರಡೇ ಎಳೆತಕ್ಕೆ ಕೂರಿಸುವುದನ್ನು ಅಲ್ಲಿನ ಕೌಂಟರಿನಲ್ಲಿ ಕಾಣೆ. ಟರ್ಮಿನಲ್ ಒಂದು, ವೈರ್ ಅರ್ಧ ಮೀಟರ್ ಎಂದು ಬಿಡಿಬಿಡಿಯಾಗಿ ಕೊಳ್ಳಲು ಎಲೆಕ್ಟ್ರಾನಿಕ್ಸ್ ಅಂಗಡಿಗಳ ನಮ್ಮ ಎಸ್‌ಪಿ ರೋಡೇ ಮೇಲು. ಸ್ಪೀಕರಿನ ಹರಿದ ಕೋನನ್ನು ಬದಲಿಸಿಕೊಡುವವರೂ ಬೆಂಗಳೂರಿನಲ್ಲಿ ಇನ್ನೂ ಇದ್ದಾರೆ, ಅದನ್ನು ಒಪ್ಪಲೇಬೇಕು.