ಎರಡೋ, ಮೂರೋ?

ನನಗೂ ನನ್ನ ಗೆಳೆಯನಿಗೂ ಮೂವತ್ತೇಳೋ ಮೂವತ್ತೆಂಟೋ ವರ್ಷದಿಂದ ಒಂದು ವ್ಯಾಜ್ಯ ನಡೆಯುತ್ತಿದೆ. ಜಮೀನಿನದ್ದಲ್ಲ, ಬೇಲಿಯದ್ದೂ ಅಲ್ಲ. ಮಲೆನಾಡಿನಲ್ಲಿ ಬೇಲಿಗೆ ಸಂಬಂಧಪಡದ ವ್ಯಾಜ್ಯ ಅಪರೂಪವಾದ್ದರಿಂದ ಮೊದಲೇ ಹೇಳಿಬಿಟ್ಟೆ. ನಮ್ಮದು ಒಂದೇ ಒಂದು ಪಾಯಿಂಟಿನ ವ್ಯಾಜ್ಯ. ಶಿವಮೊಗ್ಗದ ದುರ್ಗಿಗುಡಿಯ ಹೋಟೆಲೊಂದರಲ್ಲಿ ಬೈಟೂ ಕಾಫಿ ಮುಂದಿಟ್ಟುಕೊಂಡು ತಿಂಗಳಿಗೊಮ್ಮೆಯಾದರೂ ವಾಯಿದೆ ನಡೆಯುತ್ತದೆ. ಸಪ್ಲೈಯರ್ ಹುಡುಗನಿಗೂ ಈಗ ಕೇಸಿನ ವಿವರವೆಲ್ಲ ಬಾಯಿಪಾಠ. ಅವನ ಒಲವು ಗೆಳೆಯನ ಕಡೆಗೆ ಅಂತ ನನಗೊಂದು ಅನುಮಾನ. ಅವನ ಲೋಟಕ್ಕೆ ನೊರೆ ಜಾಸ್ತಿ ಬೀಳುತ್ತದೆ.

ವಿಷಯ ಇಷ್ಟೆ. ನಮ್ಮ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ತಂಡ ಇಂಟರ್ ಕಾಲೇಜು ಫೈನಲ್ಲಿನಲ್ಲಿ ಭದ್ರಾವತಿಯವರ ಎದುರು 49–51ರಲ್ಲಿ ಹಿಂದಿತ್ತು. ಇನ್ನೇನು ಸೀಟಿ ಊದಬೇಕು ಅನ್ನುವಾಗ ಏಳನೇ ನಂಬರಿನವನು ಮೂಲೆಯಿಂದ ಎಸೆದ ಬಾಲು ರಿಂಗಿನೊಳಗೆ ಬಿತ್ತು. ರಿಂಗಿನ ಸುತ್ತ ಎಳೆದ ಗೆರೆಯ ಆಚೆಯಿಂದ ಹಾಕಿದರೆ ಮೂರು ಪಾಯಿಂಟು, ಒಳಗಿನಿಂದಾದರೆ ಎರಡು. ಅದಕ್ಕೆ ಸಿಕ್ಕಿದ್ದು ಎರಡು ಪಾಯಿಂಟೋ, ಮೂರೋ? ಮೂರಾಗಿದ್ದರೆ ಅಲ್ಲಿಗೇ ಗೆದ್ದೆವು. ಎರಡಾಗಿದ್ದರೆ ಸಮ, ಆಮೇಲೆ ಐದು ನಿಮಿಷದ ಹೆಚ್ಚುವರಿ ಆಟ, ಅದರಲ್ಲಿ ಸೋಲು. ಗೆದ್ದೆವು ಅನ್ನುವುದು ನನ್ನ ವಾದ. ಸೋತೆವು ಅನ್ನುವುದು ಅವನದು.

"ಐದು ನಿಮಿಷದ ಆಟ ಅಷ್ಟಕ್ಕಷ್ಟೂ ಮರೆತು ಹೋಗತ್ತನಾ?" ಅಂತ ನಾನು ಕೇಳುತ್ತೇನೆ.

"ನೀನು ಅಷ್ಟೊತ್ತಿಗೆ ಬಜ್ಜಿ ತರೋಕೆ ಹೋಗಿದ್ದೆ ಮಾರಾಯ" ಅನ್ನುತ್ತಾನೆ ಅವನು.

ಇದಕ್ಕೆ ಉತ್ತರ ಕೊಡುವುದು ಕಷ್ಟ. ನಾನು ಬಜ್ಜಿ ತರಲು ಹೋಗದ ಮ್ಯಾಚೇ ಇರಲಿಲ್ಲ.

ನಾವಿಬ್ಬರೂ ಆಟಗಾರರಲ್ಲ. ಮೂರು ವರ್ಷದಲ್ಲಿ ಬಾಲನ್ನು ಮುಟ್ಟಿದ್ದರೆ ಅದು ಚರಂಡಿಗೆ ಬಿದ್ದಾಗ ಎತ್ತಿ ಕೊಡುವುದಕ್ಕೆ ಮಾತ್ರ. ನಮ್ಮ ಜಾಗ ಕಾಂಪೌಂಡಿನ ಗೋಡೆ. ಜೂನ್ ಕಳೆದರೆ ಆ ಗೋಡೆಯ ಮೇಲೆ ಬೆರಳು ದಪ್ಪ ಹಾವಸೆ. ಮ್ಯಾಚು ನೋಡಿ ಮನೆಗೆ ಹೋದರೆ ಪ್ಯಾಂಟಿನ ಹಿಂಭಾಗವೆಲ್ಲ ಹಸಿರು. "ಲೈಬ್ರರಿಲಿದ್ದೆ" ಅಂತ ಹೇಳಲು ಬಾಯಿ ತೆರೆಯುವುದರೊಳಗೆ ಅಮ್ಮ, "ಹಿಂದೆ ತಿರುಗು" ಅನ್ನುತ್ತಿದ್ದಳು. ಗೋಡೆಯ ಪಕ್ಕ ಸೈಕಲ್ ಸ್ಟ್ಯಾಂಡಿನ ತಗಡಿನ ಮಾಡು. ನಮ್ಮವರು ಬಾಲು ಹಾಕಿದಾಗೆಲ್ಲ ನಾನು ನನ್ನ ಛತ್ರಿಯಿಂದ ಆ ತಗಡಿಗೆ ಬಡಿಯುತ್ತಿದ್ದೆ. ಒಳ್ಳೆ ತಮಟೆಯಂತೆ ಸದ್ದು. ಫೈನಲ್ ದಿನ ಛತ್ರಿಯ ಎರಡು ಕಡ್ಡಿ ಮುರಿದವು. ಎರಡು ಪಾಯಿಂಟಿಗೆ ಯಾರಾದರೂ ಎರಡು ಕಡ್ಡಿ ಮುರಿಯುತ್ತಾರೆಯೇ? ಇದನ್ನು ನಾನು ಸಾಕ್ಷ್ಯವಾಗಿ ಹಾಜರುಪಡಿಸಿದ್ದೇನೆ. ಅವನು ಒಪ್ಪಿಲ್ಲ.

ಆಟಗಾರರ ಹೆಸರು ನಮಗೆ ಮುಖ್ಯವಿರಲಿಲ್ಲ, ಬೆನ್ನ ಮೇಲಿನ ನಂಬರೇ ಹೆಸರು. ಆಗಿನ ನಿಯಮದ ಪ್ರಕಾರ ನಂಬರು ಶುರುವಾಗುತ್ತಿದ್ದುದೇ 4ರಿಂದ, ಮುಗಿಯುತ್ತಿದ್ದುದು 15ಕ್ಕೆ. ಒಂದು, ಎರಡು, ಮೂರು ಅಂತ ರೆಫರಿ ಬೆರಳೆತ್ತಿದರೆ ಅದು ಪಾಯಿಂಟೋ ಆಟಗಾರನೋ ಅಂತ ಗೊಂದಲ ಆಗಬಾರದಲ್ಲ, ಅದಕ್ಕೆ. ನಾಲ್ಕು ಕ್ಯಾಪ್ಟನ್. ಹದಿಮೂರು ಆರಡಿ ಎರಡಂಗುಲದ ಆಳು. ಕಾಲೇಜು ಡೇ ಬಂದರೆ ಬ್ಯಾನರು ಕಟ್ಟಲು ಏಣಿಯ ಬದಲು ಅವನನ್ನೇ ಕರೆಯುತ್ತಿದ್ದರು. ಅವನು ಹುಡುಗಿಯರ ಕಡೆ ನೋಡಲಿಕ್ಕೂ ನಾಚುವವ, ರಿಂಗಿನ ಕೆಳಗೆ ನಿಂತರೆ ಮಾತ್ರ ಮೊಣಕೈಗೆ ಜೀವ ಬರುತ್ತಿತ್ತು. ಐದು ಫೌಲಾಗಿ ಹೊರಗೆ ಬಾರದ ಮ್ಯಾಚು ಅವನಿಗೆ ಹಬ್ಬ.

ಆದರೆ ಗೋಡೆಯ ಮೇಲಿನವರ ಮುದ್ದಿನ ಆಟಗಾರ ಹದಿನೈದು. ಅವನಿಗೆ ಆಟ ಅಷ್ಟು ಬರುತ್ತಿರಲಿಲ್ಲ. ಆಟ ಕಲಿಸುವ ಪಿ.ಡಿ. (ಫಿಸಿಕಲ್ ಡೈರೆಕ್ಟರ್) ಸಾರ್‌ಗೆ ದಿನಾ ಬೆಳಿಗ್ಗೆ ಆರಕ್ಕೆ ಬಂದು ಕೋರ್ಟಿಗೆ ನೀರು ಹಾಕುವ ಒಬ್ಬ ಬೇಕಿತ್ತು, ಅವನಿಗೆ ಬನಿಯನ್ನು ಬೇಕಿತ್ತು. ಮ್ಯಾಚಿನಲ್ಲಿ ಅವನ ಕೆಲಸ ಗ್ಲೂಕೋಸು ಕಲಸುವುದು, ಕಿತ್ತಳೆ ತೊಳೆ ಬಿಡಿಸಿ ಹಂಚುವುದು. ನಮ್ಮವರು ಇಪ್ಪತ್ತು ಪಾಯಿಂಟು ಮುಂದಿದ್ದ ಒಂದು ದಿನ "ಹದಿನೈದು! ಹದಿನೈದು!" ಅಂತ ಗೋಡೆಗೆ ಗೋಡೆಯೇ ಕೂಗಿ ಸಾರ್ ಮನಸ್ಸು ಕರಗಿಸಿದೆವು. ಒಳಗೆ ಹೋದ. ಅರ್ಧ ನಿಮಿಷವಿತ್ತು. ಬಾಲು ಬಂತು, ಹಿಡಿದ, ಸಂತೋಷ ತಡೆಯಲಾರದೆ ಹಾಗೇ ನಾಲ್ಕು ಹೆಜ್ಜೆ ಓಡಿದ. ಬಾಲನ್ನು ನೆಲಕ್ಕೆ ಬಡಿಯದೆ ಓಡಿದರೆ ತಪ್ಪು, ಅದಕ್ಕೆ ಟ್ರಾವೆಲ್ ಅನ್ನುತ್ತಾರೆ. ಸೀಟಿ. ಅಷ್ಟು ಜೋರಾದ ಚಪ್ಪಾಳೆ ಆ ಕೋರ್ಟು ಮತ್ತೆ ಕೇಳಿಲ್ಲ. ಈ ವಿಷಯದಲ್ಲಿ ನನಗೂ ಗೆಳೆಯನಿಗೂ ಭಿನ್ನಾಭಿಪ್ರಾಯವಿಲ್ಲ.

ಏಳನೇ ನಂಬರು ಸಾಗರದ ಕಡೆಯ ಅಡಿಕೆ ತೋಟದ ಮನೆಯ ಹುಡುಗ. ಎತ್ತರ ಐದೂವರೆ ಅಡಿ. ಕೊನೆಗಾರ ಮರದ ತುದಿಯಲ್ಲಿ ಕೂತು ಅಡಿಕೆ ಕೊನೆ ಕೊಯ್ದು ಹಗ್ಗದ ಮೇಲೆ ಬಿಟ್ಟರೆ ಅದು ಜರ್ರನೆ ಜಾರಿ ಬರುತ್ತದೆ, ಕೆಳಗೆ ನಿಂತವನು ನೆಲಕ್ಕೆ ಬೀಳದಂತೆ ಹಿಡಿಯಬೇಕು. ಹತ್ತು ವರ್ಷದವನಿದ್ದಾಗಿನಿಂದ ಆ ಕೆಲಸ ಮಾಡಿದವನಿಗೆ ಮೇಲಿಂದ ಬರುವುದೆಲ್ಲ ಕೈಗೆ ಅಂಟಿಕೊಳ್ಳುತ್ತಿತ್ತು. ಹಸಿ ಕೊನೆಯ ಮುಂದೆ ಆರುನೂರು ಗ್ರಾಂ ಚಿಲ್ಲರೆಯ ಬಾಲು ಯಾವ ಲೆಕ್ಕ? ತಂಡದಲ್ಲಿ ಅವನೊಬ್ಬನದೇ ಸ್ವಂತದ ಕ್ಯಾನ್ವಾಸ್ ಬೂಟು. ಮಳೆಗಾಲದಲ್ಲಿ ಅದನ್ನು ಹಾಸ್ಟೆಲಿನ ಒಲೆಯ ಮೇಲೆ ತೂಗುಹಾಕಿ ಒಣಗಿಸುತ್ತಿದ್ದ. ಹುಳಿಗೆ ಯಾವ ಕಾರಣಕ್ಕೆ ಆ ವಾಸನೆ ಅಂತ ಭಟ್ಟರು ಮಾತ್ರ ಬಲ್ಲರು.

ಈ ಆಟ ಹುಟ್ಟಿದ್ದೇ ಹವಾಮಾನಕ್ಕೆ ಹೆದರಿ ಅನ್ನುವುದು ನನಗೆ ತಮಾಷೆಯಾಗಿ ಕಾಣುತ್ತದೆ. 1891ರ ಡಿಸೆಂಬರು, ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಅನ್ನುವ ಊರು. ಹೊರಗೆ ಕೊರೆಯುವ ಚಳಿ, ಒಳಗೆ ಕವಾಯತು ಮಾಡಿ ಬೇಸತ್ತ ಹುಡುಗರು. ಅವರನ್ನು ಸುಧಾರಿಸಲು ಜೇಮ್ಸ್ ನೈಸ್ಮಿತ್ ಅನ್ನುವ ಮೇಷ್ಟ್ರು 13 ನಿಯಮ ಬರೆದು, ಎರಡು ಪೆಟ್ಟಿಗೆ ತಾರಪ್ಪ ಅಂತ ಜವಾನನಿಗೆ ಹೇಳಿದರಂತೆ. ಪೆಟ್ಟಿಗೆ ಸಿಗಲಿಲ್ಲ, ಪೀಚ್ ಹಣ್ಣಿನ ಬುಟ್ಟಿ ತಂದ. ನಮ್ಮ ಕಡೆಯ ಜವಾನನಾಗಿದ್ದರೆ ಅಡಿಕೆ ಹೆಡಿಗೆ ತರುತ್ತಿದ್ದ. ಬುಟ್ಟಿಯನ್ನು ಒಳಾಂಗಣದ ಉಪ್ಪರಿಗೆಯ ಕಟಕಟೆಗೆ ಮೊಳೆ ಹೊಡೆದು ಕೂರಿಸಿದರು. ಅದು ನೆಲದಿಂದ 10 ಅಡಿ ಇತ್ತು, ಇವತ್ತಿಗೂ ರಿಂಗು 10 ಅಡಿಗೇ ಇದೆ. ಬುಟ್ಟಿಗೆ ತಳವಿತ್ತಾದ್ದರಿಂದ ಪ್ರತಿ ಸಲ ಬಾಲನ್ನು ಮೇಲಿಂದ ತೆಗೆಯಬೇಕಿತ್ತು. ಅಂಥ ಬೆಚ್ಚಗಿನ, ಸೂರಿನಡಿಯ ಆಟವನ್ನು ತಂದು ನಾವು ಶಿವಮೊಗ್ಗದ ಮಳೆಗೆ ಒಡ್ಡಿದೆವು. ನಮ್ಮದು ಮಣ್ಣಿನ ಕೋರ್ಟು. ರಾತ್ರಿ ಮಳೆ ಬಂದರೆ ಬೆಳಿಗ್ಗೆ ಸಾಮಿಲ್ಲಿನಿಂದ ಎರಡು ಚೀಲ ಮರದ ಹೊಟ್ಟು ತಂದು ಸುರಿಯುವುದು, ಸಂಜೆ ಆಟ. ಡ್ರಿಬಲ್ ಮಾಡಿದ ಬಾಲು ಹೊಟ್ಟಿನಲ್ಲಿ ಹೂತು ಮೇಲೇಳದೆ ಹೋದರೆ ಅದೂ ಆಟದ ಭಾಗವೇ. ಎದುರಾಳಿಗೆ ಗೊತ್ತಿಲ್ಲದ ಗುಂಡಿಗಳು ನಮ್ಮವರಿಗೆ ಗೊತ್ತಿದ್ದವು.

ವ್ಯಾಜ್ಯದ ಮೂಲ ಇರುವುದೂ ಈ ಮಣ್ಣಿನಲ್ಲೇ. ಮೂರು ಪಾಯಿಂಟಿನ ಗೆರೆ ಅಂತರರಾಷ್ಟ್ರೀಯ ನಿಯಮಕ್ಕೆ ಸೇರಿದ್ದು 1984ರಲ್ಲಿ. ಅದು ನಮ್ಮ ಕೋರ್ಟಿಗೆ ಬಂದಾಗ ಪಿ.ಡಿ. ಸಾರ್ ರಿಂಗಿನ ನೇರ ಕೆಳಗೊಂದು ಗೂಟ ಹೊಡೆದು, ಆರೂಕಾಲು ಮೀಟರ್ ಹಗ್ಗ ಕಟ್ಟಿ, ಸುಣ್ಣದ ಪುಡಿ ಉದುರಿಸುತ್ತಾ ಅರ್ಧಚಂದ್ರ ಎಳೆದರು. ರಥೋತ್ಸವದ ರಂಗೋಲಿ ನೋಡುವಂತೆ ಎಲ್ಲರೂ ನಿಂತು ನೋಡಿದೆವು. ಫೈನಲ್ ದಿನ ಮಧ್ಯಾಹ್ನ ಹೊಸ ಸುಣ್ಣ ಬಿತ್ತು, ಅರ್ಧ ಆಟದ ಹೊತ್ತಿಗೆ ಸೋನೆ ಹಿಡಿಯಿತು, ಸೈಕಲ್ ಸ್ಟ್ಯಾಂಡಿನ ಕಡೆಯ ಮೂಲೆಯ ಗೆರೆ ಕರಗಿ ಹಾಲಿನಂತೆ ಚರಂಡಿಗೆ ಹರಿಯಿತು. ಏಳು ಬಾಲು ಹಿಡಿದು ನಿಂತದ್ದು ಸರಿಯಾಗಿ ಅಲ್ಲಿ. ರೆಫರಿ ನೆಲ ನೋಡಿದರು, ಆಕಾಶ ನೋಡಿದರು, ಬೆರಳೆತ್ತಿದರು. ಎಷ್ಟು ಬೆರಳು? ಗೋಡೆಯ ಮೇಲೆ ನಾವು ಕುಣಿಯುತ್ತಿದ್ದೆವು.

ದಾಖಲೆ ನೋಡಬಹುದಲ್ಲ ಅನ್ನುತ್ತೀರಿ. ನೋಡಿದೆವು. ಸ್ಕೋರ್ ಶೀಟು ಗೆದ್ದಲಿಗೆ ಹೋಗಿದೆ. ಗಾಜಿನ ಬೀರುವಿನಲ್ಲಿ ಆ ವರ್ಷದ್ದೆಂದು ಹೇಳುವ ಕಪ್ಪೊಂದಿದೆ, ಆದರೆ ಅದಕ್ಕೆ ಮೆತ್ತಿದ್ದ ಚೀಟಿಯನ್ನು ಜಿರಲೆ ತಿಂದಿದೆ. ಗೆದ್ದವರ ಕಪ್ಪೋ ಎರಡನೆಯವರದೋ ಕಪ್ಪಿಗೇ ಗೊತ್ತು. ಮೇಲಾಗಿ ಅದು 1987, ಮೈಸೂರು ವಿಶ್ವವಿದ್ಯಾನಿಲಯ ಬಿಟ್ಟು ನಮ್ಮ ಕಡೆಗೆ ಕುವೆಂಪು ವಿಶ್ವವಿದ್ಯಾನಿಲಯ ಬಂದ ವರ್ಷ. ಕಾಗದ ಯಾವ ಕಡೆ ಹೋಯಿತೋ ಅಂತ ಕೇಳಿದವರಿಗೆಲ್ಲ ಹೇಳಲು ಅದೊಂದು ಒಳ್ಳೆಯ ನೆಪ.

ದಾಖಲೆ ಇದ್ದವರ ಪಾಡು ಹೇಗಿರುತ್ತದೆ ಅಂತ ನನ್ನ ಅಣ್ಣನ ಮಗ ಹೇಳಿದ. ಅವನಿರುವುದು ಕೆಂಟಕಿಯಲ್ಲಿ. ಅಲ್ಲಿ ಕಾಲೇಜು ಬ್ಯಾಸ್ಕೆಟ್‌ಬಾಲ್ ಅಂದರೆ ನಮ್ಮಲ್ಲಿ ಜಾತ್ರೆ ಇದ್ದಂತೆ. 1992ರ ಮಾರ್ಚ್ 28ರಂದು ಫಿಲಡೆಲ್ಫಿಯಾದಲ್ಲಿ ಡ್ಯೂಕ್ ವಿರುದ್ಧ ಕೆಂಟಕಿ. ಹೆಚ್ಚುವರಿ ಆಟದಲ್ಲಿ ಕೆಂಟಕಿ 103–102ರಿಂದ ಮುಂದೆ, ಉಳಿದದ್ದು 2.1 ಸೆಕೆಂಡು. ಗ್ರಾಂಟ್ ಹಿಲ್ ಕೋರ್ಟಿನ ಆ ತುದಿಯಿಂದ ಈ ತುದಿಗೆ ಬಾಲು ಎಸೆದ. ಕ್ರಿಶ್ಚಿಯನ್ ಲೇಟ್ನರ್ ಹಿಡಿದ, ಒಂದು ಸಲ ನೆಲಕ್ಕೆ ಬಡಿದ, ತಿರುಗಿದ, ಹಾಕಿದ. 104–103. ಆ ದಿನ ಅವನು ಎಸೆದ ಹತ್ತಕ್ಕೆ ಹತ್ತು ಬಾಲು, ಹತ್ತಕ್ಕೆ ಹತ್ತು ಫ್ರೀ ಥ್ರೋ ಒಳಗೆ ಬಿದ್ದಿದ್ದವಂತೆ. ಪ್ರತಿ ಮಾರ್ಚಿನಲ್ಲೂ ಟಿ.ವಿ.ಯವರು ಅದನ್ನು ತೋರಿಸುತ್ತಾರೆ, ಪಕ್ಕದ ಮನೆಯ ಅಜ್ಜ ಪ್ರತಿ ಸಲವೂ ಎದ್ದು ಹಿತ್ತಲಿಗೆ ಹೋಗುತ್ತಾರೆ ಅಂತ ಹುಡುಗ ನಗುತ್ತಿದ್ದ. ನನಗೆ ನಗು ಬರಲಿಲ್ಲ. ಸೋತ ಆ ತಂಡದ ನಾಲ್ವರು ಕೊನೇ ವರ್ಷದ ಹುಡುಗರ ಬನಿಯನ್ನುಗಳನ್ನು ಕೆಂಟಕಿಯವರು ತಮ್ಮ ಕ್ರೀಡಾಂಗಣದ ಸೂರಿಗೆ ಗೌರವದಿಂದ ತೂಗುಹಾಕಿದ್ದಾರೆ ಅಂತ ಕೇಳಿದಾಗಲಂತೂ ಆ ಊರಿನ ಮೇಲೆ ಪ್ರೀತಿಯೇ ಬಂತು. ಆದರೂ ಅಜ್ಜನ ಸ್ಥಿತಿ ಯಾರಿಗೂ ಬೇಡ. ಅದೇ 2.1 ಸೆಕೆಂಡು, ಅದೇ ತಿರುಗು, ಎಷ್ಟು ಸಲ ನೋಡಿದರೂ ಬಾಲು ಒಳಗೇ.

ನಮ್ಮ ಬಾಲು ಹಾಗಲ್ಲ. ಅದಕ್ಕಿನ್ನೂ ಬೆಳವಣಿಗೆ ಇದೆ. ಮೊದಮೊದಲು ನಾನೂ ಏಳನೇ ನಂಬರನ್ನು ಮೂಲೆಯಲ್ಲೇ ನಿಲ್ಲಿಸುತ್ತಿದ್ದೆ. ಗೆರೆಯ ತಕರಾರು ಎದ್ದ ಮೇಲೆ ವರ್ಷಕ್ಕೆ ಒಂದಡಿಯಂತೆ ಹಿಂದೆ ಸರಿಸುತ್ತಾ ಬಂದೆ, ಈಗ ಮಧ್ಯಗೆರೆಯ ಹತ್ತಿರ ಇದ್ದಾನೆ. ಅಲ್ಲಿಂದ ಹಾಕಿದರೆ ಮೂರಲ್ಲದೆ ಮತ್ತೆಷ್ಟು? ಗೆಳೆಯ ಏನು ಕಮ್ಮಿ, ಅವನು ಮುಂದಕ್ಕೆ ತರುತ್ತಿದ್ದಾನೆ. ಅವನ ಲೆಕ್ಕದಲ್ಲಿ ಏಳು ಇವತ್ತು ರಿಂಗಿನ ಅಡಿಯಲ್ಲೇ ನಿಂತು ಕೈ ಎತ್ತಿ ಇಟ್ಟುಬಂದಿದ್ದಾನೆ. ಇಬ್ಬರೂ ಇನ್ನು ಹತ್ತು ವರ್ಷ ಬದುಕಿದರೆ ನನ್ನ ಏಳು ತುಂಗಾ ಸೇತುವೆಯ ಮೇಲಿಂದ ಎಸೆಯುತ್ತಾನೆ, ಅವನ ಏಳು ಜಿಗಿದು ಬಾಲನ್ನು ರಿಂಗಿಗೆ ಗುದ್ದಿ ತುಂಬುತ್ತಾನೆ. ಅಮೆರಿಕದ ಕಾಲೇಜುಗಳಲ್ಲಿ 1967ರಿಂದ 1976ರವರೆಗೆ ಹಾಗೆ ಗುದ್ದಿ ತುಂಬುವುದನ್ನು ನಿಷೇಧಿಸಿದ್ದರಂತೆ. ನಮ್ಮ ಕೋರ್ಟಿನಲ್ಲಿ ಅಂಥ ನಿಷೇಧದ ಅಗತ್ಯ ಬಿದ್ದಿರಲಿಲ್ಲ.

ಕಳೆದ ಮಳೆಗಾಲ, ವ್ಯಾಜ್ಯ ತೀರಿಸಿಯೇ ಬಿಡೋಣ ಅಂತ ಇಬ್ಬರೂ ಹೊರಟೆವು. ಏಳನೇ ನಂಬರು ಈಗ ಊರಲ್ಲೇ ತೋಟ ನೋಡಿಕೊಂಡಿದ್ದಾನೆ. ಜಗಲಿಯಲ್ಲಿ ಕೂರಿಸಿದ. ಮುರುಗಲ ಹಣ್ಣಿನ ಪಾನಕ ಬಂತು, ತೊಡೆದೇವು ಬಂತು. ಅರ್ಧ ಗಂಟೆ ಕೊಳೆ ಔಷಧಿಯ ಮಾತು, ಇನ್ನರ್ಧ ಗಂಟೆ ಎಲೆಚುಕ್ಕಿ ರೋಗದ ಮಾತು. ಹೊಟ್ಟೆ ಬಂದಿದೆ, ಕೂದಲು ಹೋಗಿದೆ. ಆದರೆ ಸೊಸೆ ಎಸೆದ ಕರವಸ್ತ್ರವನ್ನು ತಿರುಗಿ ನೋಡದೆ ಹಿಡಿದನಲ್ಲ, ಆಗ ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು.

ಗೆಳೆಯನೇ ಶುರು ಮಾಡಿದ. "ಆ ಫೈನಲ್‌ದು, ನೀವು ಮೂಲೆಯಿಂದ ಹಾಕಿದ್ರಲ್ಲ..."

"ಮೂಲೆ ಹತ್ರ" ಅಂತ ನಾನು ತಿದ್ದಿದೆ.

"ಅದು ಎರಡೋ ಮೂರೋ?"

ಏಳು ಸ್ವಲ್ಪ ಹೊತ್ತು ಅಂಗಳದ ಮಳೆ ನೋಡಿದ. "ನಂಗೆಂತ ಗೊತ್ತು ಮಾರಾಯ್ರೆ? ಕಣ್ಣಿಗೆಲ್ಲ ನೀರು ಹೋಗಿತ್ತು. ರಿಂಗೇ ಕಾಣ್ತಿರ್ಲಿಲ್ಲ. ಆ ಸೈಕಲ್ ಸ್ಟ್ಯಾಂಡಿನ ತಗಡಿಗೆ ಯಾರೋ ಛತ್ರಿಲಿ ಬಡೀತಿದ್ರು. ಹಾಂ, ತಗಡು ಆ ಕಡೆ ಅಂದ್ರೆ ರಿಂಗು ಈ ಕಡೆ ಅಂತ ಅಂದಾಜಲ್ಲಿ ಎಸ್ದೆ, ಬಿತ್ತು." ಪಾನಕದ ಲೋಟ ಕೆಳಗಿಟ್ಟ. "ಆ ಛತ್ರಿ ಯಾರದ್ದು ಅಂತ ಆಮೇಲೂ ಕೇಳಿದ್ದೆ. ಯಾರೂ ಹೇಳ್ಲಿಲ್ಲ."

"ನಂದೇ" ಅಂದೆ.

"ನಂದೇ" ಅಂದ ಗೆಳೆಯ, ಅದೇ ಕ್ಷಣಕ್ಕೆ.

ಏಳು ನನ್ನ ಮುಖ ನೋಡಿದ, ಅವನ ಮುಖ ನೋಡಿದ.

"ಒಂದೇ ಛತ್ರಿ ಅಲ್ದನಾ ಇದ್ದಿದ್ದು?"