ಕಣ್ಣಿಗೆ ಎಣ್ಣೆ ಬಿಡುವ ಬಂದೂಕು

ಗಡಿ ಕಾಯುವವರು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯುತ್ತಾರೆ ಎಂದು ಭಾಷಣಗಳಲ್ಲಿ ಹೇಳುತ್ತಲೇ ಬಂದಿದ್ದೇವೆ. ಆ ಮಾತನ್ನು ಅಕ್ಷರಶಃ ನಡೆಸಿಕೊಟ್ಟ ಕೀರ್ತಿ ನಮ್ಮ ಸೇನೆಯ ಸ್ವದೇಶಿ ರೈಫಲ್ ಇನ್ಸಾಸ್‌ಗೆ ಸಲ್ಲಬೇಕು. 1999ರಲ್ಲಿ ಕಾರ್ಗಿಲ್ ಬೆಟ್ಟಗಳ ಮೇಲೆ ಅದನ್ನು ಹಿಡಿದು ಹೋರಾಡಿದವರಿಂದ ಬಂದ ದೂರುಗಳಲ್ಲಿ ಇದೂ ಒಂದು: ಗುಂಡು ಮುಂದಕ್ಕೆ ಹೋಗುತ್ತದೆ, ಎಣ್ಣೆ ಹಿಂದಕ್ಕೆ ಬಂದು ಕಣ್ಣಿಗೆ ಎರಚುತ್ತದೆ.

ಇನ್ನೊಂದು ದೂರು ಮ್ಯಾಗಜೀನಿನದು. 20 ಗುಂಡು ಹಿಡಿಸುವ ಮ್ಯಾಗಜೀನನ್ನು ಅರೆಪಾರದರ್ಶಕ ಪ್ಲಾಸ್ಟಿಕ್ಕಿನಲ್ಲಿ ಮಾಡಿದ್ದರು. ಒಳಗೆ ಎಷ್ಟು ಗುಂಡು ಉಳಿದಿವೆ ಎಂಬುದು ಹೊರಗಿನಿಂದಲೇ ಕಾಣಲಿ ಅಂತ. ರಕ್ಷಣಾ ಇಲಾಖೆಯ ಇಡೀ ವ್ಯವಹಾರದಲ್ಲಿ ಪಾರದರ್ಶಕ ಎನ್ನಬಹುದಾದ ವಸ್ತು ಅದೊಂದೇ ಇತ್ತು; ಅದು ಚಳಿಗೆ ಬಿರುಕು ಬಿಟ್ಟಿತು. ಮೂರನೆಯ ದೂರು ಇನ್ನೂ ಸ್ವಾರಸ್ಯದ್ದು. ಒಮ್ಮೆ ಟ್ರಿಗರ್ ಒತ್ತಿದರೆ ಮೂರೇ ಗುಂಡು ಹಾರಬೇಕು, ಮದ್ದುಗುಂಡು ದಂಡವಾಗಬಾರದು ಎಂದು ಅದಕ್ಕೊಂದು ಕಟ್ಟುಪಾಡು ಹಾಕಿದ್ದರು. ಕೆಲವೊಮ್ಮೆ ಅದು ಮೂರಕ್ಕೆ ನಿಲ್ಲದೆ ಒಂದೇ ಸಮನೆ ಸುರಿಸತೊಡಗುತ್ತಿತ್ತು. ಮೂರಕ್ಕೆಂದು ಮಂಜೂರಾದದ್ದು ಎಲ್ಲಿಗೋ ಹೋಗಿ ನಿಲ್ಲುವುದನ್ನು ಕಂಡು ಹೊರದೇಶದವರು ಬೆರಗಾಗಬಹುದು. ಲೋಕೋಪಯೋಗಿ ಇಲಾಖೆಯ ಅಂದಾಜುಪಟ್ಟಿ ನೋಡಿಕೊಂಡೇ ಬೆಳೆದ ನಮಗೆ ಅದರಲ್ಲೇನೂ ಹೊಸತಿಲ್ಲ.

ಈ ಬಂದೂಕು ಹುಟ್ಟಿದ್ದು ಪುಣೆಯಲ್ಲಿ, ಸರ್ಕಾರದ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಎಆರ್‌ಡಿಇ ಎಂಬ ಪ್ರಯೋಗಾಲಯದಲ್ಲಿ. ಬೇಕೆಂದು ನಿರ್ಧರಿಸಿದ್ದು ಎಂಬತ್ತರ ದಶಕದ ನಡುವೆ. ಪರೀಕ್ಷೆ ಮುಗಿಸಿ ಒಪ್ಪಿಕೊಂಡದ್ದು 1990ರಲ್ಲಿ. ಗಣರಾಜ್ಯೋತ್ಸವದ ಪಥಸಂಚಲನದಲ್ಲಿ ಜನ ಕಂಡದ್ದು 1998ರಲ್ಲಿ. ಸ್ವದೇಶಿ ಎಂದರೆ ಎಂಥ ಸ್ವದೇಶಿ! ಒಳಗಿನ ಪಿಸ್ಟನ್ನು, ತಿರುಗುವ ಬೋಲ್ಟು ರಷ್ಯದ ಕಲಾಶ್ನಿಕೋವ್ ಮನೆತನದ್ದು. ಗ್ಯಾಸ್ ರೆಗ್ಯುಲೇಟರ್ ಬೆಲ್ಜಿಯಂನ ಎಫ್‌ಎಎಲ್ ರೈಫಲ್ಲಿನ ಕಡೆಯದು. ಎಡಗಡೆಯ ಕಾಕಿಂಗ್ ಹ್ಯಾಂಡಲ್ ಜರ್ಮನ್ ಶೈಲಿಯದು. ಹಿಂಬದಿಯ ಬಟ್ ಪ್ಲೇಟು, ಅದರೊಳಗೆ ಎಣ್ಣೆಯ ಶೀಶೆ ಮತ್ತು ನಳಿಕೆ ಉಜ್ಜುವ ಹಗ್ಗ ಇಡುವ ಗೂಡು ಬ್ರಿಟಿಷರ ಲೀ ಎನ್‌ಫೀಲ್ಡ್‌ನಿಂದ ಬಳುವಳಿಯಾಗಿ ಬಂದದ್ದು. ಬಂದೂಕುಗಳಲ್ಲಿ ವಿಶ್ವಮಾನವ ಎಂದು ಯಾರನ್ನಾದರೂ ಕರೆಯುವುದಿದ್ದರೆ ಇದನ್ನೇ ಕರೆಯಬೇಕು. ಎರವಲು ತಪ್ಪೇನಲ್ಲ ಬಿಡಿ. ಇಸ್ರೇಲಿನವರ ಗಲೀಲ್ ಕೂಡ ಕಲಾಶ್ನಿಕೋವ್‌ನ ವಂಶದ್ದೇ, ಫಿನ್ಲೆಂಡಿನ ದಾರಿಯಾಗಿ ಬಂದದ್ದು. ಅವರು ಅದಕ್ಕಾಗಿ ನಾಚಿದ್ದನ್ನು ಯಾರೂ ಕಂಡಿಲ್ಲ.

ನಾಚಬೇಕಾದದ್ದು ಬೇರೆ ಕಡೆ ಇತ್ತು. ಬಂದೂಕು ಸಿದ್ಧವಾಯಿತು, ಗುಂಡು ಇರಲಿಲ್ಲ. ಹೊಸ ಬಂದೂಕಿಗೆ 5.56 ಮಿ.ಮೀ. ಗುಂಡು ಬೇಕು, ನಮ್ಮ ಕಾರ್ಖಾನೆಗಳಲ್ಲಿ ಅದು ಬೇಕಾದಷ್ಟು ತಯಾರಾಗುತ್ತಿರಲಿಲ್ಲ. ಕೊನೆಗೆ ದೊಡ್ಡ ಪ್ರಮಾಣದಲ್ಲಿ ಇಸ್ರೇಲಿನಿಂದ ತರಿಸಿದರು. ಇತ್ತ ಹಳೆಯ .303 ಬಂದೂಕುಗಳಿಗೆ ಬೇಗ ನಿವೃತ್ತಿ ಕೊಡಬೇಕಿದ್ದುದರಿಂದ, ಸ್ವದೇಶಿ ಬರುವವರೆಗೆ ಕೈ ಖಾಲಿ ಇರಬಾರದೆಂದು 1990-92ರಲ್ಲಿ ಸುಮಾರು ಒಂದು ಲಕ್ಷ ಎಕೆ ಮಾದರಿಯ ಬಂದೂಕುಗಳನ್ನು ಹೊರಗಿನಿಂದ ಕೊಂಡದ್ದಾಯಿತು. ಹಲ್ಲಿದ್ದವನಿಗೆ ಕಡಲೆ ಇಲ್ಲ, ಕಡಲೆ ಇದ್ದವನಿಗೆ ಹಲ್ಲಿಲ್ಲ ಎಂಬ ಗಾದೆಗೆ ನಮ್ಮ ಸರ್ಕಾರ ಕಂಡುಕೊಂಡ ಪರಿಹಾರ ಸರಳ: ಕಡಲೆಯನ್ನೂ ಆಮದು ಮಾಡಿಕೋ, ಹಲ್ಲನ್ನೂ ಆಮದು ಮಾಡಿಕೋ, ಬಾಯಿ ಮಾತ್ರ ಸ್ವದೇಶಿ.

ಇನ್ನು 5.56 ಏಕೆ ಬೇಕಾಯಿತು ಎನ್ನುವುದಕ್ಕೆ ಬರೋಣ. ಅದಕ್ಕೆ ಮೊದಲಿದ್ದ ಎಸ್‌ಎಲ್‌ಆರ್ ರೈಫಲ್ಲಿನದು 7.62 ಮಿ.ಮೀ. ಅಡ್ಡಳತೆಯ, 51 ಮಿ.ಮೀ. ಉದ್ದದ ತೋಟಾದ ದಪ್ಪ ಗುಂಡು. ಬಂದೂಕೂ ಭಾರ, ಗುಂಡೂ ಭಾರ, ಹೊಡೆದರೆ ಹೆಗಲಿಗೆ ಒದೆತ. ಸಣ್ಣ ಗುಂಡಾದರೆ ಸೈನಿಕ ಹೆಚ್ಚು ಹೊರಬಲ್ಲ. ಇದು ನ್ಯಾಯವಾದ ಕಾರಣ, ಇಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಇದರ ಜೊತೆಗೆ ಒಂದು ತತ್ತ್ವವೂ ಬಂತು: ಶತ್ರುವನ್ನು ಕೊಲ್ಲುವುದಕ್ಕಿಂತ ಗಾಯಗೊಳಿಸುವುದು ಲಾಭ. ಸತ್ತವನನ್ನು ಅಲ್ಲೇ ಬಿಡುತ್ತಾರೆ. ಗಾಯಗೊಂಡವನನ್ನು ಹೊರಲು ಇನ್ನಿಬ್ಬರು ಬೇಕು. ಒಂದು ಗುಂಡಿಗೆ ಮೂವರು ರಣರಂಗದಿಂದ ಹೊರಗೆ. ಕಾಗದದ ಮೇಲೆ ಎಷ್ಟು ಚಂದದ ಲೆಕ್ಕ! ಈ ತತ್ತ್ವವನ್ನು ಕಾಶ್ಮೀರದ ಕಾಡಿಗೆ ಕೊಂಡೊಯ್ದಾಗ ತಿಳಿದದ್ದೇನೆಂದರೆ, ಸಾಯಲೆಂದೇ ಬಂದ ಉಗ್ರಗಾಮಿಯನ್ನು ಹೊತ್ತೊಯ್ಯಲು ಯಾರೂ ಬರುವುದಿಲ್ಲ, ಗಾಯಗೊಂಡವನು ಬಿದ್ದಲ್ಲಿಂದಲೇ ಗುಂಡು ಹಾರಿಸುತ್ತಲೇ ಇರುತ್ತಾನೆ. ಅವನಿಗೆ ನಮ್ಮ ಸಿದ್ಧಾಂತದ ಪ್ರತಿ ತಲುಪಿರಲಿಲ್ಲ. ಹಾಗಾಗಿ ಕೆಲವೇ ವರ್ಷಗಳಲ್ಲಿ ತತ್ತ್ವ ತಿರುಗಿ ನಿಂತಿತು: ಗಾಯ ಸಾಲದು, ಕೊಲ್ಲಬೇಕು, ದಪ್ಪ ಗುಂಡೇ ಬೇಕು.

2005ರಲ್ಲಿ ನೇಪಾಳದಿಂದ ಬಂದ ದೂರಿನ ಬಗ್ಗೆ ನಗೆಯಾಡಲು ಮನಸ್ಸಾಗುವುದಿಲ್ಲ. ರಿಯಾಯಿತಿ ದರದಲ್ಲಿ ನಾವೇ ಕೊಟ್ಟಿದ್ದ ಇನ್ಸಾಸ್‌ಗಳು ಮಾವೋವಾದಿಗಳ ಜೊತೆಗಿನ ದೀರ್ಘ ಕಾಳಗದಲ್ಲಿ ಕೈಕೊಟ್ಟವು ಎಂದು ಅಲ್ಲಿನ ಸೇನೆ ಹೇಳಿತು. ಆ ಕಾಳಗದಲ್ಲಿ ನಲವತ್ತಕ್ಕೂ ಹೆಚ್ಚು ಸೈನಿಕರು ಸತ್ತಿದ್ದರು. ನಮ್ಮ ಕಡೆಯ ಉತ್ತರ: ಬಂದೂಕು ಸರಿಯಾಗಿಯೇ ಇದೆ, ಬಳಸಲು ಅವರಿಗೆ ಬರುವುದಿಲ್ಲ. ಕುಣಿಯಲಾರದವರು ನೆಲ ಡೊಂಕು ಅನ್ನುತ್ತಾರೆ, ಸರಿ. ನೆಲ ಹಾಸಿಕೊಟ್ಟವರೇ ಆ ಗಾದೆ ಹೇಳುವುದು ಅಪರೂಪ.

ನಮ್ಮ ಬೀದಿಯಲ್ಲಿ ಬೆಳಗಾವಿ ಕಡೆಯ ನಿವೃತ್ತ ಹವಾಲ್ದಾರರೊಬ್ಬರಿದ್ದಾರೆ. ಎಲ್ಲರೂ ಕಾಕಾ ಎನ್ನುತ್ತೇವೆ. ಇನ್ಸಾಸ್ ಹೇಗಿತ್ತು ಎಂದು ಕೇಳಿದೆ. ಕೈಯಲ್ಲಿದ್ದ ಪೇಪರನ್ನು ಸುರುಳಿ ಸುತ್ತಿ ಹೆಗಲಿಗೆ ಕೊಟ್ಟು, ಒಂದು ಕಣ್ಣು ಮುಚ್ಚಿ, ಎದುರು ಮನೆಯ ನೀರಿನ ಟ್ಯಾಂಕಿಗೆ ಗುರಿಯಿಟ್ಟರು.

“ಸುಳ್ಳ್ಯಾಕ ಹೇಳ್ಲಿ ತಮ್ಮಾ, ರೇಂಜಿನ್ಯಾಗ ಚಲೋ ಹೊಡೀತಿತ್ತು. ಗುರಿಗೆ ಬರೋಬ್ಬರಿ ಬಡೀತಿತ್ತು.”

“ಮತ್ತೆ ತಕರಾರು ಏನು ಕಾಕಾ?”

“ರೇಂಜಿನ್ಯಾಗ ಎದುರಿನವ ತಿರುಗಿ ಹೊಡ್ಯಾಂಗಿಲ್ಲಲಾ.”

ದೂರು ಬಂದಾಗಲೆಲ್ಲ ನಡೆಯುತ್ತಿದ್ದ ಸಂಭಾಷಣೆ ಊಹಿಸಲು ಕಷ್ಟವಿಲ್ಲ. ವಿನ್ಯಾಸ ಮಾಡಿದವರು ತಯಾರಿಸಿದವರ ಕಡೆ, ತಯಾರಿಸಿದವರು ಬಳಸಿದವರ ಕಡೆ, ಬಳಸಿದವರು ಮತ್ತೆ ವಿನ್ಯಾಸದವರ ಕಡೆ ಕೈ ತೋರಿಸಿದರು. ಇನ್ನೊಬ್ಬರ ಹೆಗಲ ಮೇಲೆ ಬಂದೂಕಿಟ್ಟು ಹೊಡೆಯುವ ಕಲೆಯಲ್ಲಿ ನಾವು ಸಂಪೂರ್ಣ ಸ್ವಾವಲಂಬಿಗಳು. 2021ರ ಅಕ್ಟೋಬರ್ 1ರಂದು ಸರ್ಕಾರಿ ಶಸ್ತ್ರಾಸ್ತ್ರ ಕಾರ್ಖಾನೆಗಳನ್ನು ನಡೆಸುತ್ತಿದ್ದ ಆರ್ಡ್ನೆನ್ಸ್ ಫ್ಯಾಕ್ಟರಿ ಬೋರ್ಡನ್ನು ಒಡೆದು ಏಳು ಕಂಪನಿ ಮಾಡಿದ ಮೇಲಂತೂ ಒಂದರ ಬದಲು ಏಳು ಹೆಗಲು ಸಿಕ್ಕವು.

ಇಲ್ಲಿ ಕಲಾಶ್ನಿಕೋವ್ ನೆನಪಾಗುತ್ತಾನೆ. 1941ರಲ್ಲಿ ಗಾಯಗೊಂಡು ಆಸ್ಪತ್ರೆ ಸೇರಿದ ಟ್ಯಾಂಕ್ ಪಡೆಯ ಸಾರ್ಜೆಂಟ್. ಎಂಜಿನಿಯರಿಂಗ್ ಪದವಿ ಇರಲಿಲ್ಲ. ಅವನ ಎಕೆ-47 ಬಂದೂಕಿನ ಹೆಸರಿನಲ್ಲಿರುವ 47, ನಮಗೆ ಸ್ವಾತಂತ್ರ್ಯ ಬಂದ ವರ್ಷವೇ. ಅದೂ ಹುಟ್ಟುವಾಗ ಪರಿಪೂರ್ಣವಾಗಿರಲಿಲ್ಲ. ತಗಡು ಒತ್ತಿ ಮಾಡಿದ ಅದರ ಮೈ ತಯಾರಿಕೆಯಲ್ಲಿ ಸರಿಹೋಗದೆ, ಉಕ್ಕನ್ನು ಕೊರೆದು ಮಾಡಿದರು, ಮತ್ತೆ ತಗಡಿಗೇ ಮರಳಿದರು. ಎಕೆಎಂ ಎಂಬ ಹದಕ್ಕೆ ಬರುವಾಗ 1959. ಅಷ್ಟು ವರ್ಷವೂ ಅವರು ಗುಂಡಿನ ಅಳತೆ ಬದಲಿಸಲಿಲ್ಲ, ಒಂದೇ ಬಂದೂಕನ್ನು ತಿದ್ದುತ್ತ ಕೂತರು. ನಮ್ಮಲ್ಲೂ ತಿದ್ದುವವರು ಇದ್ದರು. 2001ರ ಹೊತ್ತಿಗೆ ಸುಧಾರಿಸಿದ ಇನ್ಸಾಸ್ ಬಂದೇ ಬಂತು. ಆದರೆ ನಮಗೆ ಬಂದೂಕು ತಿದ್ದುವುದಕ್ಕಿಂತ ಬೇಡಿಕೆಪಟ್ಟಿ ಬರೆಯುವುದು ಹೆಚ್ಚು ಪ್ರಿಯ. ಅದರ ಹೆಸರು ಜಿಎಸ್‌ಕ್ಯೂಆರ್, ಸೇನೆಗೆ ಎಂಥ ಆಯುಧ ಬೇಕು ಎಂಬ ಗುಣವಿವರ.

ಜಗತ್ತಿನ ಮೊದಲ ಜಿಎಸ್‌ಕ್ಯೂಆರ್ ಬರೆದವನು ಹಿರಣ್ಯಕಶಿಪು. ಮನುಷ್ಯನಾಗಿರಬಾರದು, ಮೃಗವಾಗಿರಬಾರದು, ಒಳಗೂ ಅಲ್ಲ, ಹೊರಗೂ ಅಲ್ಲ, ಹಗಲೂ ಅಲ್ಲ, ಇರುಳೂ ಅಲ್ಲ, ನೆಲದ ಮೇಲಲ್ಲ, ಆಕಾಶದಲ್ಲೂ ಅಲ್ಲ. 2011ರಲ್ಲಿ ನಮ್ಮ ಸೇನೆ ಕರೆದ ಟೆಂಡರ್ ಅದೇ ಪರಂಪರೆಯದು. ಬಂದೂಕು 5.56 ಹೊಡೆಯಬೇಕು, ನಳಿಕೆ ಬದಲಿಸಿದರೆ 39 ಮಿ.ಮೀ. ಉದ್ದದ 7.62ನ್ನೂ ಹೊಡೆಯಬೇಕು. ದೇಶದೇಶಗಳ ಯುದ್ಧಕ್ಕೆ ಒಂದು ನಳಿಕೆ, ಉಗ್ರಗಾಮಿಗಳಿಗೆ ಇನ್ನೊಂದು. ಎರಡು ಗುಂಡೂ ಬೇರೆಬೇರೆ ಎನ್ನುವ ದ್ವೈತಿಗಳಿಗೂ ಬಂದೂಕೆಲ್ಲ ಒಂದೇ ಎನ್ನುವ ಅದ್ವೈತಿಗಳಿಗೂ ಇದಕ್ಕಿಂತ ಸೊಗಸಾದ ವಿಶಿಷ್ಟಾದ್ವೈತ ಸಿಗದು. ಗಸ್ತಿನ ನಡುವೆ ಎದುರಾದವನು ಯಾವ ವರ್ಗದ ಶತ್ರು ಎಂದು ವಿಚಾರಿಸಿ, ಬೆನ್ನಚೀಲದಿಂದ ಇನ್ನೊಂದು ನಳಿಕೆ ತೆಗೆದು, ಬಿಗಿದು, ಗುರಿ ಸರಿಮಾಡಿಕೊಳ್ಳುವವರೆಗೆ ಅವನು ಕಾಯಬೇಕು ಎಂಬ ಷರತ್ತನ್ನು ಮಾತ್ರ ಟೆಂಡರಿನಲ್ಲಿ ಸೇರಿಸುವುದು ಮರೆತುಹೋಗಿತ್ತು.

ದೊಡ್ಡ ದೊಡ್ಡ ಕಂಪನಿಗಳು ಬಂದೂಕು ಹೊತ್ತು ಬಂದವು. ಅವನ್ನು ಹೊಡೆದು ನೋಡಿದ್ದಾಯಿತು. 2015ರಲ್ಲಿ ಟೆಂಡರ್ ರದ್ದಾಯಿತು. ಅದೇ ವರ್ಷ, ಆಗ ರಕ್ಷಣಾ ಸಚಿವರಾಗಿದ್ದ ಮನೋಹರ್ ಪರಿಕ್ಕರ್ ಈ ಗುಣವಿವರಗಳನ್ನು ಓದಿದರೆ ಮಾರ್ವೆಲ್ ಕಾಮಿಕ್ಸ್‌ನಿಂದ ಎತ್ತಿದಂತಿವೆ ಎಂಬ ಅರ್ಥದ ಮಾತಾಡಿದರು. ಪುರಾಣ ಬಿಟ್ಟು ಕಾಮಿಕ್ಸಿಗೆ ಹೋದದ್ದಷ್ಟೇ ಅವರ ಮೇಲಿರುವ ನನ್ನ ಆಕ್ಷೇಪ.

ಆಮೇಲೆ ಇನ್ಸಾಸ್‌ನ್ನೇ ಗಿಡ್ಡ ಮಾಡಿ, ಹಗುರ ಮಾಡಿ ಎಕ್ಸ್‌ಕ್ಯಾಲಿಬರ್ ಎಂದು ತಂದರು. ಅಪ್ಪಟ ಸ್ವದೇಶಿ ರೈಫಲ್ಲಿಗೆ ಇಂಗ್ಲೆಂಡಿನ ಆರ್ಥರ್ ರಾಜನ ಕತ್ತಿಯ ಹೆಸರು. ಗಾಂಡೀವ ಆಗ ರಜೆಯ ಮೇಲಿತ್ತೇನೋ. ಅದನ್ನು ಒಪ್ಪುವ ಮಾತಿತ್ತು, 2016ರಲ್ಲಿ ಬೇಡವಾಯಿತು. ಏಕೆಂದರೆ ಈಗ ಬೇಕಿದ್ದದ್ದು 7.62, ಅದೂ 51 ಮಿ.ಮೀ. ಉದ್ದದ್ದು. ಓದುಗರಿಗೆ ಈ ಅಳತೆ ಎಲ್ಲೋ ಕೇಳಿದಂತಿದ್ದರೆ ಆಶ್ಚರ್ಯವಿಲ್ಲ. ಭಾರ, ಒದೆಯುತ್ತದೆ ಎಂದು ಮನೆಗೆ ಕಳಿಸಿದ್ದ ಎಸ್‌ಎಲ್‌ಆರ್‌ನ ಗುಂಡು ಅದು. ಬಂಗಾಳದ ಈಶಾಪುರದ ಸರ್ಕಾರಿ ಬಂದೂಕು ಕಾರ್ಖಾನೆ ಈ ಅಳತೆಗೂ ಒಂದು ಬಂದೂಕು ಮಾಡಿಕೊಟ್ಟಿತು. 2017ರ ಪರೀಕ್ಷೆಯಲ್ಲಿ ಅದು ಮತ್ತೆ ಮತ್ತೆ ಜಾಮ್ ಆಗಿ ತಿರಸ್ಕೃತವಾಯಿತು.

2019ರ ಫೆಬ್ರವರಿಯಲ್ಲಿ ಅಮೆರಿಕದ ಸಿಗ್ ಸಾವರ್ ಕಂಪನಿಯಿಂದ 72,400 ರೈಫಲ್ ಕೊಳ್ಳಲು ಒಪ್ಪಂದವಾಯಿತು, 7.62, 51 ಮಿ.ಮೀ. ಮರುತಿಂಗಳು, ಲೋಕಸಭಾ ಚುನಾವಣೆ ಘೋಷಣೆಯಾಗಲು ಸರಿಯಾಗಿ ಒಂದು ವಾರವಿದ್ದಾಗ, ಅಮೇಠಿಯ ಕೊರ್ವಾದಲ್ಲಿ ರಷ್ಯದ ಎಕೆ-203 ತಯಾರಿಸುವ ಘಟಕದ ಉದ್ಘಾಟನೆಯೂ ನಡೆಯಿತು, ಇದು 7.62, 39 ಮಿ.ಮೀ. ರೈಫಲ್ ತಯಾರಿಕೆಯ ಒಪ್ಪಂದಕ್ಕೆ ಸಹಿ ಬಿದ್ದದ್ದು 2021ರ ಡಿಸೆಂಬರಿನಲ್ಲಿ. ಮೊದಲು ಗೃಹಪ್ರವೇಶ, ಎರಡೂಮುಕ್ಕಾಲು ವರ್ಷದ ಮೇಲೆ ಸೈಟಿನ ನೋಂದಣಿ. ಸಂಖ್ಯೆ ಮಾತ್ರ ಬಲು ನಿಖರ: 6,01,427. ಬಂದೂಕು ಯಾವಾಗ ಬರುತ್ತದೆಂದು ಆಗ ಗೊತ್ತಿಲ್ಲದಿದ್ದರೂ ಕೊನೆಯ ಆ 27 ಮಂದಿ ಬರಿಗೈಯಲ್ಲಿ ನಿಲ್ಲಬಾರದು ಎಂಬ ಕಾಳಜಿ ನೋಡಿ.

ಎರಡೂ 7.62 ಅಲ್ಲವೇ, ಒಬ್ಬರ ಗುಂಡು ಮುಗಿದರೆ ಪಕ್ಕದವನಿಂದ ಈಸಿಕೊಳ್ಳಬಹುದಲ್ಲ ಎಂದು ಕೇಳುವವರಿದ್ದಾರೆ. ಆಗುವುದಿಲ್ಲ. ಒಂದರ ತೋಟಾ ಇನ್ನೊಂದಕ್ಕೆ ಹೋಗದು. ಇನ್ಸಾಸ್ ಇನ್ನೂ ಪೂರ್ತಿ ನಿವೃತ್ತವಾಗಿಲ್ಲದ್ದರಿಂದ 5.56 ಕೂಡ ಸಾಲಿನಲ್ಲಿದೆ. ಒಂದೇ ಬಂದೂಕಿನಲ್ಲಿ ಹಲವು ಅಳತೆ ಬೇಕೆಂದು ಹೊರಟವರು ಒಂದೇ ಸೇನೆಯಲ್ಲಿ ಅದನ್ನು ಸಾಧಿಸಿ ತೋರಿಸಿದ್ದಾರೆ. ಉಗ್ರಾಣದವನ ಪಾಡು ಕೇಳಬೇಡಿ.

2024ರ ಜನವರಿಯಲ್ಲಿ ಪುಣೆಯ ಅದೇ ಪ್ರಯೋಗಾಲಯ ಹೈದರಾಬಾದಿನ ಖಾಸಗಿ ಕಂಪನಿಯೊಂದರ ಜೊತೆ ಸೇರಿ ಉಗ್ರಂ ಎಂಬ ರೈಫಲ್ ತೋರಿಸಿತು. ಹೆಸರು ಕೇಳಿದರೆ ಶಿಳ್ಳೆ ಹೊಡೆಯಬೇಕೆನಿಸುತ್ತದೆ. ತೂಕ ನಾಲ್ಕು ಕಿಲೋಗಿಂತ ಕಡಿಮೆ, ಹೊಡೆತ 500 ಮೀಟರ್, ಗುಂಡು 7.62, 51 ಮಿ.ಮೀ. ನೂರು ದಿನದೊಳಗೆ ಮಾಡಿದ್ದು ಎಂದೂ ಹೇಳಿದರು. ಮೂವತ್ತು ವರ್ಷದಲ್ಲಿ ಆಗದ್ದು ನೂರು ದಿನದಲ್ಲಿ ಆದರೆ ಸಂತೋಷವೇ. ಹೆಸರಿಟ್ಟವರಿಗೂ ಗೊತ್ತಿರಬೇಕು, ನಮ್ಮ ಬೇಡಿಕೆಪಟ್ಟಿಯನ್ನು ಪೂರೈಸುವವನು ನರಸಿಂಹನೊಬ್ಬನೇ ಎಂದು. ಆದರೆ ಕಂಬ ಒಡೆದು ಬಂದ ನರಸಿಂಹನಿಗೆ ಯಾರೂ ಫೀಲ್ಡ್ ಟ್ರಯಲ್ ಮಾಡಿಸಿರಲಿಲ್ಲ. ಅದೇ ವರ್ಷದ ಆಗಸ್ಟಿನಲ್ಲಿ, ಅದೇ ಅಳತೆಯ ಇನ್ನೂ 73,000 ಸಿಗ್ ರೈಫಲ್‌ಗಳಿಗೆ ಅಮೆರಿಕಕ್ಕೆ ಮತ್ತೆ ಆರ್ಡರ್ ಹೋಯಿತು.

ಈ ನಡುವೆ ಅಮೆರಿಕದ ಸೇನೆ 2022ರಲ್ಲೇ ತನ್ನ ಮುಂದಿನ ಬಂದೂಕನ್ನು ಆರಿಸಿಕೊಂಡಿದೆ. ಕಂಪನಿ ಅದೇ ಸಿಗ್. ಅಳತೆ ಮಾತ್ರ 6.8 ಮಿ.ಮೀ. ಡಿಆರ್‌ಡಿಒ 2014ರಲ್ಲಿ ತೋರಿಸಿದ್ದ ಬಹು ಅಳತೆಯ ಬಂದೂಕೊಂದಕ್ಕೆ ಬೇರೊಂದು ಬಗೆಯ 6.8ರ ನಳಿಕೆಯೂ ಇತ್ತು. ಪುಣೆಯ ಯಾವುದಾದರೂ ಬೀರುವಿನಲ್ಲಿ ಇನ್ನೂ ಇದ್ದೀತು. ದೆಹಲಿಯವರಿಗೆ ನನ್ನದೊಂದು ಸಲಹೆ: ಮುಂದಿನ ಜಿಎಸ್‌ಕ್ಯೂಆರ್ ನಮೂನೆಯನ್ನು ಈಗಲೇ ಸಾವಿರಗಟ್ಟಲೆ ಅಚ್ಚು ಹಾಕಿಸಿಬಿಡಿ, ಅಳತೆಯ ಜಾಗವೊಂದನ್ನು ಖಾಲಿ ಬಿಟ್ಟು. ಅದನ್ನು ಪೆನ್ಸಿಲಿನಲ್ಲಿ ತುಂಬಿದರೆ ಸಾಕು. ರಬ್ಬರ್ ಸ್ವದೇಶಿಯದೇ ಸಿಗುತ್ತದೆ.